ಫಿಲ್ಟರಿನ ತಳದ ನೀರು

ಬೀದಿಯವರೆಲ್ಲ ಅವರನ್ನು ಪಂಪ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಡೀಸೆಲ್ ಪಂಪು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ತಲೆ ನರೆಯುವವರೆಗೆ ದುಡಿದು ಮನೆ ಸೇರಿದವರು. ಆದರೆ ಡೀಸೆಲ್ ಗಾಡಿ ಇಟ್ಟುಕೊಂಡವರು ಯಾರೇ ಕೈಗೆ ಸಿಗಲಿ, ನಿಲ್ಲಿಸಿಕೊಂಡು ಪಾಠ ಶುರು. ಟ್ಯಾಂಕಿನ ತಳ ಕಾಣುವವರೆಗೆ ಓಡಿಸಬೇಡಿ, ತಳದ ಕಸವನ್ನೆಲ್ಲ ಪಂಪು ಎಳೆದುಕೊಳ್ಳುತ್ತದೆ. ಬಂಕಿನಲ್ಲಿ ಟ್ಯಾಂಕರ್ ಡೀಸೆಲ್ ಇಳಿಸುತ್ತಿದ್ದರೆ ಆ ಹೊತ್ತಿಗೆ ಹಾಕಿಸಬೇಡಿ, ನೆಲದಡಿಯ ಟ್ಯಾಂಕಿನ ತಳದ ಗಷ್ಟೆಲ್ಲ ಕದಡಿರುತ್ತದೆ. ಜನ ಓಡಾಡದ ಬಂಕಿಗೆ ಹೋಗಬೇಡಿ, ಅಲ್ಲಿ ಡೀಸೆಲ್ ನಿಂತು ನಿಂತು ನೀರು ಹಿಡಿದಿರುತ್ತದೆ. ಸ್ಕೂಲ್ ವ್ಯಾನಿನ ಡ್ರೈವರ್ ಅಂತೂ ಅವರನ್ನು ದೂರದಲ್ಲಿ ಕಂಡರೆ ಸಾಕು, ಗಾಡಿ ನಿಧಾನ ಮಾಡದೆ ಕೈ ಬೀಸಿಕೊಂಡು ಹೋಗಿಬಿಡುತ್ತಿದ್ದ.

ಮನೆಯಲ್ಲಿ ಅವರಿಂದ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲಾಗದ ಮೂರು ಜನ ಇದ್ದರು. ಹೆಂಡತಿ, ಔಷಧಿ ಕಂಪನಿಯ ಪರವಾಗಿ ಡಾಕ್ಟರುಗಳ ಬಾಗಿಲು ತಟ್ಟುತ್ತ ಊರೂರು ಸುತ್ತುವ ಮಗ, ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂರುವ ಸೊಸೆ. ಕಾರು ಮಗನದು, ಡೀಸೆಲ್ಲಿನದು. ಅದಿಲ್ಲದೆ ಅವನ ಕೆಲಸ ಸಾಗುವುದಿಲ್ಲ.

ಆ ಕಾರಿನ ಫಿಲ್ಟರಿನ ಬುಡದಲ್ಲಿ ಒಂದು ಪುಟ್ಟ ತಿರುಪು ಇತ್ತು. ಅದನ್ನು ಸಡಿಲಿಸಿದರೆ ಡೀಸೆಲ್ಲಿನಿಂದ ಬೇರೆಯಾಗಿ ತಳದಲ್ಲಿ ನಿಂತ ನೀರು ಇಳಿದುಬರುತ್ತದೆ. ಅಪರೂಪಕ್ಕೊಮ್ಮೆ ಮಾಡಿದರೆ ಸಾಕಾಗುವ ಕೆಲಸ. ಮೇಷ್ಟ್ರು ಭಾನುವಾರ ಬಂತೆಂದರೆ ಬಾನೆಟ್ ಎತ್ತುತ್ತಿದ್ದರು. ಇಳಿದದ್ದನ್ನು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿ ನೋಡಿ, ಹನಿ ನೀರು ಕಂಡರೂ, "ನೋಡಿದ್ರಾ, ನೋಡಿದ್ರಾ" ಎಂದು ಅಡುಗೆಮನೆಯವರೆಗೂ ತಂದು ತೋರಿಸುತ್ತಿದ್ದರು.

"ರೀ, ಅದನ್ನ ಹಾಲಿನ ಪಕ್ಕ ಇಡಬೇಡಿ," ಎನ್ನುತ್ತಿದ್ದರು ಹೆಂಡತಿ. ಅಷ್ಟಕ್ಕೇ ಮುಗಿಯುತ್ತಿತ್ತು.

ಒಂದು ಭಾನುವಾರ ಮಾತ್ರ ಮುಗಿಯಲಿಲ್ಲ. ಅವರು ಬಾನೆಟ್ಟಿನೊಳಗೆ ತಲೆ ತೂರಿಸಿದ್ದಾಗ ಪಟಪಟನೆ ಹನಿ ಬಿತ್ತು. ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು. ಒಳಗಿದ್ದವರಿಗೆ ಮಳೆಯ ಸುಳಿವಿಲ್ಲ. ಮೇಷ್ಟ್ರು ಓಡಿಹೋಗಿ ಎಲ್ಲವನ್ನೂ ಬಾಚಿ ತಂದು ಮಂಚದ ಮೇಲೆ ಹಾಕಿದರು. ಒಳ್ಳೆಯ ಹೊತ್ತಿಗೆ ನೋಡಿದೆ ಎಂಬ ಹೆಮ್ಮೆ ಬೇರೆ. ಕೈ ಒರೆಸಿಕೊಂಡಿರಲಿಲ್ಲ ಎಂಬುದು ನೆನಪಾದದ್ದು ಸೊಸೆ ಕೂಗಿದಾಗ.

"ಮಾವ, ಇದೇನು ಮಾಡಿದ್ರಿ! ನಾಳೆ ದೊಡ್ಡ ಡಾಕ್ಟ್ರು ಬರ್ತಾರೆ ಅಂತ ಕಷ್ಟಪಟ್ಟು ಒಗೆದಿದ್ದೆ."

ಅವಳ ಆಸ್ಪತ್ರೆಯ ಬಿಳಿ ಕೋಟಿನ ಬೆನ್ನಿನ ಮೇಲೆ ಐದು ಬೆರಳೂ ಅಚ್ಚೊತ್ತಿದಂತೆ ಮೂಡಿದ್ದವು.

"ಮಳೆ ಬಂತಮ್ಮ. ನೆನೆದುಹೋಗ್ತಿತ್ತು."

"ನೆನೆದಿದ್ರೆ ಒಣಗ್ತಿತ್ತು ಮಾವ. ಈ ವಾಸನೆ ಹೋಗುತ್ತಾ? ರೋಗಿಗಳು ಮೂಗು ಮುಚ್ಕೋತಾರೆ."

ಮಧ್ಯಾಹ್ನ ಊಟಕ್ಕೆ ಕೂತಾಗ ಮಗ, "ಅಪ್ಪ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ. ಆ ಮನೆಯಲ್ಲಿ ಹಾಗೆ ಶುರುವಾದ ಯಾವ ಮಾತೂ ಬೇಜಾರಿಲ್ಲದೆ ಮುಗಿದದ್ದಿಲ್ಲ. "ಇನ್ಮೇಲೆ ನೀವು ಕಾರು ಮುಟ್ಟಬೇಡಿ. ಸರ್ವೀಸಿಗೆ ಬಿಟ್ಟಾಗ ಅವರೇ ಎಲ್ಲ ನೋಡ್ತಾರೆ. ಇದು ನಿಮ್ಮ ಕಾಲದ ಪಂಪ್ ಅಲ್ಲ. ಎಲ್ಲ ಕಂಪ್ಯೂಟರು."

"ಗಾಡಿ ಹೊಸದಿರಬಹುದು ಕಣೋ, ನೀರು ಹಳೇ ನೀರೇ. ಹಳೇ ಪಂಪಾದ್ರೆ ಸ್ವಲ್ಪ ಕೊಳೆ ನುಂಗಿ ಅರಗಿಸ್ಕೋತಿತ್ತು. ಇದು ನಾಜೂಕು. ಒಂದು ಗುಟುಕು ನೀರು ಹೋದ್ರೆ..."

"ನೋಡಿದೆಯಾ ಅಮ್ಮ? ಊಟಕ್ಕೆ ಕೂತ್ರೂ ಪಾಠ."

ಹೆಂಡತಿ ಪಲ್ಯ ಬಡಿಸುತ್ತಿದ್ದವರು ಸೌಟು ಕೆಳಗಿಟ್ಟರು. "ಬಿಟ್ಟುಬಿಡಿ ಅಂದ್ರೆ. ಅವನ ಗಾಡಿ, ಅವನ ಪಾಡು. ನಿಮಗ್ಯಾಕೆ?"

ಮಗ ಅಂದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಮೇಷ್ಟ್ರು ತಟ್ಟೆಯಲ್ಲಿ ಅನ್ನ ಇರುವಾಗಲೇ ಎದ್ದು ಕೈ ತೊಳೆದರು. "ಆಯ್ತು. ಇನ್ನು ಆ ಗಾಡಿಯ ಸುದ್ದಿ ನನ್ನ ಬಾಯಲ್ಲಿ ಬರೋದಿಲ್ಲ," ಎಂದರು.

ಆಡಿದ ಮಾತು ಉಳಿಸಿಕೊಳ್ಳುವುದರಲ್ಲಿ ಅವರು ಗಟ್ಟಿ. ಅದೇ ಆಮೇಲೆ ಮುಳುವಾಯಿತು.

ಮೊದಲ ವಾರ ಮನೆ ತಣ್ಣಗಿತ್ತು. ಸೊಸೆ ತಾನು ಕೂಗಾಡಿದ್ದಕ್ಕೆ ಒಳಗೊಳಗೇ ನೊಂದು, ಮಾವನಿಗೆ ಇಷ್ಟ ಎಂದು ಮೊಟ್ಟೆ ಬೇಯಿಸಿ ಕೊಟ್ಟಳು. ಅವರು ತಿಂದರು, ಚೆನ್ನಾಗಿದೆ ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ ಏನು ಮಾಡಬೇಕೆಂದು ತೋಚದೆ ಅಂಗಳದ ಕಸ ಗುಡಿಸಿದರು. ಕಾರಿನ ಸುತ್ತ ಮಾತ್ರ ಗುಡಿಸದೆ ಬಿಟ್ಟರು.

ಬಾಯಿಗೆ ಬೀಗ ಹಾಕಬಹುದು, ಕಿವಿಗೆ ಹಾಕುವುದು ಹೇಗೆ? ಮಗ ಕೀಲಿ ತಿರುಗಿಸಿದರೆ ಗಾಡಿ ಮೊದಲೆಲ್ಲ ಒಂದೇ ಏಟಿಗೆ ಎದ್ದುಬಿಡುತ್ತಿತ್ತು. ಈಗ ಕರಕರ ಎಂದು ಎಳೆದಾಡಿ, ಒಂದು ಸಲ ಮೈ ಕೊಡವಿ, ಆಮೇಲೆ ಹತ್ತಿಕೊಳ್ಳುತ್ತಿತ್ತು. ಆ ತಿಂಗಳು ಮಳೆ ಬಿಟ್ಟೂಬಿಡದೆ ಸುರಿದಿತ್ತು. ಮಗ ಊರಾಚೆಯ ಒಂದು ಬಂಕನ್ನು ಹೊಸದಾಗಿ ಹುಡುಕಿಕೊಂಡಿದ್ದ. "ಅಲ್ಲಿ ಸಾಲೇ ಇಲ್ಲ, ಹೋದ ತಕ್ಷಣ ಹಾಕ್ತಾರೆ," ಎಂದು ಅಮ್ಮನ ಹತ್ತಿರ ಹೇಳುತ್ತಿದ್ದದ್ದು ಮೇಷ್ಟ್ರಿಗೆ ಕೇಳಿಸಿತು. ಸಾಲು ಯಾಕಿಲ್ಲ ಅಂತ ಯೋಚಿಸು ಮಗನೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು. ಬೆಳಿಗ್ಗೆ ಅಂಗಳದಲ್ಲಿ ಕರಕರ ಕೇಳಿದಾಗ ಅವರ ಕೈಯ ಕಾಫಿ ಲೋಟ ಅರ್ಧ ದಾರಿಯಲ್ಲಿ ನಿಲ್ಲುವುದನ್ನು ಹೆಂಡತಿ ಗಮನಿಸಿದ್ದರು. ಕೇಳಲಿಲ್ಲ. ಮುನಿಸು ಇಳಿಯಲಿ ಎಂದುಕೊಂಡರು.

ಮಗ ಕಂಪನಿ ಮೀಟಿಂಗಿಗೆಂದು ರೈಲಿನಲ್ಲಿ ಹೋದ ವಾರ ಕಾರನ್ನು ಸೊಸೆಯೇ ಆಸ್ಪತ್ರೆಗೆ ಓಡಿಸಿಕೊಂಡು ಹೋದಳು. ಒಂದು ಸಂಜೆ ಬಂದವಳು, ಚಪ್ಪಲಿ ಬಿಟ್ಟು ನೇರ ಮಾವನ ಹತ್ತಿರ ಬಂದಳು. ಹೆಂಡತಿ ಪಕ್ಕದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು.

"ಮಾವ, ಸ್ಟೇರಿಂಗ್ ಮುಂದೆ ಒಂದು ಹಳದಿ ದೀಪ ಬರ್ತಿದೆ. ಹನಿ ಹನಿ ಚಿತ್ರ ಇದೆ. ಏನದು?"

ಅದು ಏನೆಂದು ಮೇಷ್ಟ್ರಿಗೆ ನಿದ್ದೆಯಲ್ಲಿ ಕೇಳಿದ್ದರೂ ಗೊತ್ತಿತ್ತು. ಫಿಲ್ಟರಿನಲ್ಲಿ ನೀರು ತುಂಬಿದೆ, ಈಗಲೇ ಇಳಿಸು ಎಂದು ಗಾಡಿ ಬಾಯಿಬಿಟ್ಟು ಬೇಡುತ್ತಿರುವುದು. ಸ್ಪ್ಯಾನರ್ ಹಿಡಿದುಕೊಂಡು ಅಂಗಳಕ್ಕಿಳಿದರೆ ಅನ್ನ ಬೇಯುವಷ್ಟರಲ್ಲಿ ಮುಗಿಯುವ ಕೆಲಸ. ಸೊಸೆಯ ಮುಖದಲ್ಲಿ ದೀಪದ ಚಿಂತೆಗಿಂತ, ಹೇಗಾದರೂ ಮಾವ ಮೊದಲಿನಂತೆ ಮಾತಾಡಲಿ ಎಂಬ ಆಸೆಯೇ ಹೆಚ್ಚಿದ್ದದ್ದು ಅವರಿಗೆ ಕಾಣದೆ ಇರಲಿಲ್ಲ. ಆದರೂ ಎದೆಯಲ್ಲಿ ಕೂತಿದ್ದ ಕಲ್ಲು ಅಲ್ಲಾಡಲಿಲ್ಲ.

"ನಿನ್ನ ಗಂಡನ್ನ ಕೇಳಮ್ಮ. ನಾನು ಹಳೇ ಕಾಲದವನು, ನನಗೆ ಕಂಪ್ಯೂಟರು ತಿಳಿಯೋದಿಲ್ಲ."

ಸೊಸೆ, "ಸರಿ ಮಾವ," ಎಂದು ಒಳಗೆ ಹೋದಳು. ಮೇಷ್ಟ್ರಿಗೆ ಗೆದ್ದ ಹಾಗೆ ಅನಿಸಿತು. ಆ ಗೆಲುವು ಊಟದ ಹೊತ್ತಿಗಾಗಲೇ ಹಳಸಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡರು. ನಾಳೆ ಬಂದಾಗ, ಅವನೇ ಬಂದು ಕೇಳಲಿ ಅನಿಸಿತು. ಮಗ ಊರಿನಿಂದ ಬಂದ. ಅವನು ಕೇಳಲಿಲ್ಲ.

ಹೆಂಡತಿಗೆ ಒಬ್ಬ ಅಕ್ಕ ಇದ್ದಳು. ತಾಯಿ ಬೇಗ ಹೋದದ್ದರಿಂದ ತಂಗಿಯ ತಲೆ ಬಾಚಿ, ಹೇನು ಹೆಕ್ಕಿ, ಶಾಲೆಗೆ ಕಳಿಸಿ, ಮದುವೆ ಮಾಡಿಕೊಟ್ಟವಳು ಅವಳೇ. ಈಗ ಗುಡ್ಡದಾಚೆಯ ಊರಿನಲ್ಲಿ ಮಗಳ ಮನೆಯಲ್ಲಿದ್ದಳು. ಎರಡು ವರ್ಷದಿಂದ ಅವಳಿಗೆ ಮರೆವು. ಮೊದಲು ಕನ್ನಡಕ ಇಟ್ಟ ಜಾಗ ಮರೆತಳು, ಆಮೇಲೆ ಮೊಮ್ಮಕ್ಕಳ ಹೆಸರು, ಆಮೇಲೆ ಮಗಳನ್ನೇ. ಫೋನಿನಲ್ಲಿ ಮಾತಾಡಿಸಿದರೆ ಹೆದರಿ, ಡಬ್ಬಿಯೊಳಗೆ ಯಾರನ್ನೋ ಕೂಡಿಹಾಕಿದ್ದಾರೆ ಎಂದು ಅಳುತ್ತಿದ್ದಳು.

ಅಂಥವಳ ಮನೆಯಿಂದ ಒಂದು ರಜೆಯ ದಿನ ಬೆಳಿಗ್ಗೆ ಫೋನು ಬಂತು. ಮಾತಾಡುತ್ತಿದ್ದದ್ದು ಅಕ್ಕನ ಮಗಳು.

"ಚಿಕ್ಕಮ್ಮ, ಅಮ್ಮ ಇವತ್ತು ಎದ್ದವಳೇ ಸರಿಯಾಗಿ ಮಾತಾಡ್ತಿದಾಳೆ. ನನ್ನ ಹೆಸರು ಹಿಡಿದು ಕರೆದ್ಲು. ಪುಟ್ಟಿ ಎಲ್ಲಿ, ಪುಟ್ಟಿನ ಕರೆಸು, ಅವಳಿಗೆ ಒಂದು ಮಾತು ಹೇಳಬೇಕು ಅಂತಿದಾಳೆ. ಏನು ಅಂದ್ರೆ ನಿನಗಲ್ಲ, ಅವಳಿಗೇ ಹೇಳಬೇಕು ಅಂತಾಳೆ. ಎಷ್ಟು ಹೊತ್ತು ಹೀಗಿರ್ತಾಳೋ ಗೊತ್ತಿಲ್ಲ. ಬೇಗ ಬನ್ನಿ."

ಪುಟ್ಟಿ ಎಂದರೆ ಮೇಷ್ಟ್ರ ಹೆಂಡತಿ. ಆ ಹೆಸರು ಹಿಡಿದು ಕರೆಯುವವರು ಲೋಕದಲ್ಲಿ ಉಳಿದಿದ್ದದ್ದು ಒಬ್ಬಳೇ. ಒಲೆಯ ಮೇಲಿದ್ದದ್ದನ್ನು ಹಾಗೇ ಇಳಿಸಿ, ಉಟ್ಟ ಬಟ್ಟೆಯಲ್ಲೇ ಹೊರಟುಬಿಟ್ಟರು. ಸೊಸೆಗೆ ಡ್ಯೂಟಿ ಇತ್ತು. ಮಗ ಸ್ಟೇರಿಂಗ್ ಹಿಡಿದ. ಮೇಷ್ಟ್ರು ಅವನ ಪಕ್ಕದಲ್ಲಿ ಕೂತರು. ಕಾರು ಕರಕರ ಎಂದಿತು, ಮೈ ಕೊಡವಿತು, ಹತ್ತಿಕೊಂಡಿತು. ಹಳದಿ ದೀಪ ಉರಿಯುತ್ತಿತ್ತು.

ಈಗಲಾದರೂ ಹೇಳಬೇಕು ಎಂದು ಮೇಷ್ಟ್ರು ಬಾಯಿ ತೆರೆದರು. ಹಿಂದಿನ ಸೀಟಿನಿಂದ ಹೆಂಡತಿ, "ಬೇಗ ನಡಿಯಪ್ಪ, ಬೇಗ," ಎಂದರು. ನಿಲ್ಲಿಸು ಎಂದರೆ ತಡ. ಇಷ್ಟು ದಿನ ಓಡಿದ್ದು ಇದೊಂದು ದಿನ ಓಡಲಾರದೇ ಎಂದು ಮೇಷ್ಟ್ರು ಬಾಯಿ ಮುಚ್ಚಿದರು. ಇಡೀ ಆಯುಷ್ಯದಲ್ಲಿ ಬೇರೆಯವರು ಹೀಗೆ ಅಂದಾಗಲೆಲ್ಲ ಬೈಯುತ್ತ ಬಂದವರು ಇವರೇ.

ಗುಡ್ಡದ ಏರಿನಲ್ಲಿ ಕಾರಿಗೆ ದಮ್ಮು ಹತ್ತಿತು. ಎಳೆತ ಹೋಯಿತು. ಹಿಂದೆ ಬೆಳ್ಳನೆಯ ಹೊಗೆ. ಮಗ ಗೇರು ಇಳಿಸಿದ. ಒಂದು ಸಲ ತೊದಲಿ, ಮತ್ತೊಂದು ಸಲ ಜಗ್ಗಿ, ಕಾರು ರಸ್ತೆಯ ಬದಿಗೆ ನಿಂತೇಬಿಟ್ಟಿತು. ಅವನು ಕೀಲಿ ತಿರುಗಿಸಿದ. ಮತ್ತೆ ತಿರುಗಿಸಿದ.

"ಹೊಡೀಬೇಡ," ಎಂದರು ಮೇಷ್ಟ್ರು. ಅಷ್ಟು ದಿನಗಳ ಮೇಲೆ ಕಾರಿನ ಬಗ್ಗೆ ಆಡಿದ ಮೊದಲ ಮಾತು. "ಸೆಲ್ಫ್ ಹೊಡೆದಷ್ಟೂ ಒಳಗೆ ತಿನ್ನುತ್ತೆ."

ಬಾನೆಟ್ ಎತ್ತಿ, ಬುಡದ ತಿರುಪು ಸಡಿಲಿಸಿದರು. ನೀರು ಇಳಿಯಿತು. ಇಳಿಯುತ್ತಲೇ ಇತ್ತು, ತುಕ್ಕಿನ ಬಣ್ಣದ ನೀರು. ಆಮೇಲೆ ಪಂಪಿನಿಂದ ಮೇಲೆ ಹೋಗುವ ಪೈಪನ್ನು ಬಿಚ್ಚಿ, ಅದರೊಳಗಿನ ಡೀಸೆಲ್ಲನ್ನು ಅಂಗೈಗೆ ಹಿಡಿದು ಬಿಸಿಲಿಗೆ ತಿರುಗಿಸಿದರು. ಅದರಲ್ಲಿ ಬೆಳ್ಳಿಯ ಹುಡಿಯಂಥದ್ದು ಮಿನುಗಿತು.

"ಏನಪ್ಪ ಅದು?"

"ಪಂಪಿನ ಕಬ್ಬಿಣ. ಡೀಸೆಲ್ಲೇ ಅದಕ್ಕೆ ಎಣ್ಣೆ. ಅದರ ಜಾಗಕ್ಕೆ ನೀರು ಬಂದ್ರೆ ತನ್ನನ್ನ ತಾನೇ ತಿಂದುಕೊಳ್ಳುತ್ತೆ. ಆ ಹುಡಿ ಇಂಜೆಕ್ಟರಿಗೂ ಹೋಗಿದೆ, ಟ್ಯಾಂಕಿಗೂ ವಾಪಸ್ ಹೋಗಿದೆ. ಇನ್ನು ಇದು ಏಳೋದಿಲ್ಲ."

ಹೆಂಡತಿ ಕಾರಿನಿಂದಿಳಿದು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿದರು. ರಜೆಯ ದಿನ, ಬಸ್ಸುಗಳು ತುಂಬಿ ವಾಲಿಕೊಂಡು ನಿಲ್ಲದೆ ಹೋದವು. ಕಾರುಗಳು ಹಾರನ್ ಮಾಡಿ ಹೋದವು. ಬಿಸಿಲು ನೆತ್ತಿಗೇರಿ ಇಳಿಯತೊಡಗಿದ ಮೇಲೆ ಒಂದು ತರಕಾರಿ ಲಾರಿ ನಿಂತಿತು. ಕಾರಿನ ಹತ್ತಿರ ಮಗನನ್ನು ಬಿಟ್ಟು ಗಂಡಹೆಂಡತಿ ಲಾರಿ ಹತ್ತಿದರು.

ತಲುಪಿದಾಗ ಸಂಜೆ. ಅಕ್ಕನ ಮಗಳು ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಮಧ್ಯಾಹ್ನದವರೆಗೂ ಕೇಳ್ತಾನೇ ಇದ್ಲು, ಚಿಕ್ಕಮ್ಮ. ಊಟ ಬೇಡ, ಪುಟ್ಟಿ ಬಂದ ಮೇಲೆ ಒಟ್ಟಿಗೆ ಉಣ್ತೀನಿ ಅಂದ್ಲು. ಆಮೇಲೆ ಸ್ವಲ್ಪ ಮಲಗಿದ್ಲು. ಎದ್ದ ಮೇಲೆ..."

ಅಕ್ಕ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ತಂಗಿ ಹೋಗಿ ಮೊಣಕಾಲೂರಿ ಎರಡೂ ಕೈ ಹಿಡಿದುಕೊಂಡು, "ಅಕ್ಕ, ಬಂದೆ. ಹೇಳು," ಎಂದರು. ಅಕ್ಕ ಅವರ ಮುಖವನ್ನು ದಿಟ್ಟಿಸಿ ನೋಡಿ ಮರ್ಯಾದೆಯಿಂದ ನಕ್ಕಳು.

"ಯಾರ ಮನೆಯವರಮ್ಮ ನೀವು? ಕೂತ್ಕೊಳ್ಳಿ. ಕಾಫಿ ಕುಡೀರಿ."

ಎರಡು ದಿನ ಅಲ್ಲೇ ಇದ್ದರು. ಆ ಮಾತು ಏನೆಂದು ಕೊನೆಗೂ ತಿಳಿಯಲಿಲ್ಲ.

ಊರಿಗೆ ಬಂದ ಮೇಲಿನ ಮೊದಲ ಊಟಕ್ಕೆ ನಾಲ್ವರೂ ಕೂತಿದ್ದರು. ಕಾರನ್ನು ಎಳೆಸಿ ತಂದು ವರ್ಕ್‌ಶಾಪಿಗೆ ಹಾಕಿಯಾಗಿತ್ತು. ಮೇಷ್ಟ್ರು ಹೇಳಿದ್ದನ್ನೇ ಅವರೂ ಹೇಳಿದ್ದರು. ಪಂಪು, ಇಂಜೆಕ್ಟರು, ಪೈಪು, ಎಲ್ಲ ಹೊಸದು. ಟ್ಯಾಂಕು ಇಳಿಸಿ ತೊಳೆಯಬೇಕು. ಹೊಸ ಬಾಡಿಗೆ ಮನೆಯ ಅಡ್ವಾನ್ಸಿಗೆಂದು ಸೊಸೆ ಕೂಡಿಟ್ಟದ್ದು ಅಲ್ಲಿಗೆ ಖಾಲಿ. ಮಗ ಆ ಎರಡು ದಿನವೂ ಬಸ್ಸಿನಲ್ಲಿ ಬ್ಯಾಗು ಹೊತ್ತು ಸುತ್ತಿ ಹೈರಾಣಾಗಿದ್ದ. ಆ ಸಿಟ್ಟು ಎಲ್ಲಾದರೂ ಹೊರಬರಬೇಕಿತ್ತು.

"ನಾನು ಮೀಟಿಂಗಿಗೆ ಹೋದ ವಾರ ಕಾರು ನಿನ್ನ ಹತ್ತಿರ ಇತ್ತಲ್ಲ," ಎಂದ ತನ್ನ ಹೆಂಡತಿಗೆ. "ದೀಪ ಬಂದಿರಲಿಲ್ವಾ?"

ಸೊಸೆ ಮಾವನ ಕಡೆ ನೋಡಲಿಲ್ಲ. "ಬಂದಿತ್ತು. ಹೇಳೋದು ಮರೆತೆ," ಎಂದಳು.

"ಮರೆತೆ! ಮರೆಯೋ ವಿಷಯಾನಾ ಅದು? ಒಂದು ಮಾತು ಹೇಳಿದ್ದಿದ್ರೆ ಅವತ್ತು ದೊಡ್ಡಮ್ಮ..."

ಮೇಷ್ಟ್ರು ಅನ್ನ ಕಲಸುತ್ತಲೇ ಇದ್ದರು. ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಂಡರು. ಬೆರಳು ಕಲಸುತ್ತಲೇ ಇದ್ದವು.

"ಅವಳನ್ನ ಬೈಬೇಡ," ಎಂದರು ಹೆಂಡತಿ. ದನಿ ಏರಲಿಲ್ಲ. "ಕೇಳಬೇಕಾದವರನ್ನೇ ಅವಳು ಕೇಳಿದ್ಲು. ನಾನು ತರಕಾರಿ ಹೆಚ್ತಾ ಇದ್ದೆ, ನನಗೂ ಕೇಳಿಸ್ತು. ಹಳದಿ ದೀಪ ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ." ಆಮೇಲೆ ಗಂಡನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತು."

ಮಗ ತಟ್ಟೆ ನೋಡಿಕೊಂಡು, "ನಾನೂ ದೀಪ ನೋಡಿದ್ದೆ. ಮುಂದಿನ ಸರ್ವೀಸಿಗೆ ನೋಡಿದ್ರಾಯ್ತು ಅಂದ್ಕೊಂಡೆ," ಎಂದ. ಸಿಟ್ಟಿನ ಬಿಸಿ ಒಂದಿಷ್ಟೂ ಉಳಿದಿರಲಿಲ್ಲ.

"ನೀನು ನನ್ನ ಕೇಳಬೇಕಾಗಿತ್ತು," ಎಂದರು ಮೇಷ್ಟ್ರು.

"ಕೇಳಿದ್ರೆ ಹೇಳ್ತಿದ್ರಾ ಅಪ್ಪ?"

ಹೇಳುತ್ತಿದ್ದೆ ಎನ್ನಲು ಹೋದರು. ಸೊಸೆ ಅಲ್ಲೇ ಕೂತಿದ್ದಳು. ತಟ್ಟೆಯ ಅನ್ನವನ್ನು ಮತ್ತೆ ಕಲಸತೊಡಗಿದರು.

ಮುಂದಿನ ವಾರಗಳಲ್ಲಿ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಕಾರು ಸರಿಯಾಗಿ ಬಂದ ದಿನ ಮಗನೇ ಬಾನೆಟ್ ಎತ್ತಿ, "ಎಲ್ಲಿದೆ ಅಪ್ಪ ಆ ತಿರುಪು, ತೋರಿಸಿ," ಎಂದ. ಸೊಸೆಯೂ ಹಳೆಯ ಚೂಡಿದಾರ ಹಾಕಿಕೊಂಡು ಬಂದು ನಿಂತಳು. ಮೇಷ್ಟ್ರು ತೋರಿಸಿದರು. ಎಷ್ಟು ಸಡಿಲಿಸಬೇಕು, ಯಾವಾಗ ಬಿಗಿಯಬೇಕು, ಫಿಲ್ಟರ್ ಬದಲಿಸುವುದನ್ನು ಯಾಕೆ ಮುಂದೂಡಬಾರದು, ಬೆಳಿಗ್ಗೆ ಎಳೆದಾಡುವ ಸದ್ದು ಕೇಳಿದರೆ ಮೊದಲು ಏನು ನೋಡಬೇಕು. ಹಿಂದೆ ಈ ಪಾಠಕ್ಕೆ ಎಷ್ಟು ಹಂಬಲಿಸಿದ್ದರೋ. ಈಗ ಇಬ್ಬರೂ ಒಳ್ಳೆಯ ಮಕ್ಕಳಂತೆ ಕೇಳಿಸಿಕೊಳ್ಳುವಾಗ ಅವರಿಗೆ ಬೇಗ ಮುಗಿಸಿ ಎದ್ದರೆ ಸಾಕೆನಿಸಿತು.

ಹೆಂಡತಿ ಎಂದಿನಂತೆ ಅಡುಗೆ ಮಾಡಿದರು, ಎಂದಿನಂತೆ ಬಡಿಸಿದರು. ಮದುವೆಯಾದಾಗಿನಿಂದ ಮೊದಲ ತುತ್ತಿಗೆ, "ಉಪ್ಪು ಸರಿ ಇದೆಯಾ?" ಎಂದು ಕೇಳುತ್ತಿದ್ದವರು ಅದೊಂದನ್ನು ಬಿಟ್ಟರು. ಒಂದು ದಿನ ಮೇಷ್ಟ್ರು ತಾವಾಗಿಯೇ, "ಉಪ್ಪು ಸರಿಯಾಗಿದೆ," ಎಂದು ಹೇಳಿ ನೋಡಿದರು. "ಹೂಂ," ಎಂದರು ಆಕೆ.

ವಾರ ಬಿಟ್ಟು ವಾರ ಆಕೆ ಅಕ್ಕನ ಊರಿಗೆ ಬಸ್ಸಿನಲ್ಲಿ ಒಬ್ಬರೇ ಹೋಗಿಬರುತ್ತಿದ್ದರು. ಕಾರಲ್ಲಿ ಬಿಡುತ್ತೇನೆ ಎಂದು ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನವರೆಗೆ ಚೀಲ ಹಿಡಿದುಕೊಂಡು ಹೋದ ಮೇಷ್ಟ್ರು, ಬಸ್ಸು ಹೊರಡುವ ಮೊದಲು ಕಿಟಕಿಯ ಕೆಳಗೆ ನಿಂತು, "ನನ್ನದು ತಪ್ಪಾಯ್ತು ಕಣೇ," ಎಂದರು. ಇಂಜಿನ್ನಿನ ಸದ್ದಿಗೆ ಕೇಳಿಸಿತೋ ಇಲ್ಲವೋ. ಆಕೆ, "ಮನೆಗೆ ಹೋಗಿ, ಬಿಸಿಲು," ಎಂದರು.

ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಒಂದು ಸಂಜೆ, ಬಟ್ಟೆ ಮಡಿಸುತ್ತಿದ್ದ ಆಕೆ ತಲೆ ಎತ್ತದೆ, "ನಾಳೆ ಕಾರಲ್ಲೇ ಹೋಗೋಣ. ನೀವೂ ಬನ್ನಿ," ಎಂದರು. ಮೇಷ್ಟ್ರು ನಸುಕಿಗೇ ಎದ್ದು ಕ್ಷೌರ ಮಾಡಿಕೊಂಡು, ಬಿಳಿ ಅಂಗಿ ಹಾಕಿಕೊಂಡು, ಕಾರಿನ ಬಾಗಿಲ ಹತ್ತಿರ ನಿಂತಿದ್ದರು. ಗುಡ್ಡದ ಏರನ್ನು ಕಾರು ಹೂವೆತ್ತಿದ ಹಾಗೆ ಹತ್ತಿತು. ಯಾರೂ ಆ ಜಾಗ ನೋಡಲಿಲ್ಲ.

ಅಕ್ಕ ಮೊದಲಿಗಿಂತ ಸಣ್ಣಗಾಗಿದ್ದಳು. ತಂಗಿ ಅವಳ ಹಿಂದೆ ನಿಂತು ತಲೆ ಬಾಚತೊಡಗಿದರು. ಈ ಮನೆಗೆ ಬಂದು ತಲೆ ಬಾಚಿ ಹೋಗುವ ಒಳ್ಳೆಯ ಹೆಂಗಸು ಎಂದಷ್ಟೇ ಅಕ್ಕನಿಗೆ ಈಗ ಗೊತ್ತು. ಮಗ ಹೊರಗೆ ಅಕ್ಕನ ಅಳಿಯನ ಜೊತೆ ಮಾತಾಡುತ್ತಿದ್ದ. ಮೇಷ್ಟ್ರು ಎದುರಿನ ಸ್ಟೂಲಿನ ಮೇಲೆ ಕೂತಿದ್ದರು.

"ಯಾರಮ್ಮ ಇವರು?" ಎಂದಳು ಅಕ್ಕ.

ಬಾಚಣಿಗೆ ನಿಂತಿತು. ಮೇಷ್ಟ್ರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ನಮ್ಮನೆಯವರು ಎಂದು ಆಕೆ ಹೇಳುತ್ತಾರೆ ಎಂದುಕೊಂಡರು.

"ಕಾರು ನೋಡ್ಕೊಳ್ಳೋರು, ಅಕ್ಕ," ಎಂದರು ಆಕೆ. ಬಾಚಣಿಗೆ ಮತ್ತೆ ಕೂದಲಿಗಿಳಿಯಿತು.

ಅಕ್ಕನ ಮುಖ ಅರಳಿತು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮೇಷ್ಟ್ರ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಹೌದಾ? ಕಾರು ಚೆನ್ನಾಗಿದೆಯೇನಪ್ಪ?"

"ಈಗ ಚೆನ್ನಾಗಿದೆಯಮ್ಮ."

"ಹಾಗಾದ್ರೆ ಒಂದು ಉಪಕಾರ ಮಾಡಪ್ಪ. ನನ್ನ ತಂಗಿ ಪುಟ್ಟಿ ಅಂತ. ಬರ್ತೀನಿ ಅಂದಿದ್ಲು, ಇನ್ನೂ ಬಂದಿಲ್ಲ. ಬೆಳಿಗ್ಗೆಯಿಂದ ಕಾಯ್ತಿದೀನಿ. ಹೋಗಿ ಕರ್ಕೊಂಡು ಬಾ."

ಅವಳ ಹಿಂದೆ ನಿಂತಿದ್ದ ಪುಟ್ಟಿ ಕೂದಲನ್ನು ಮೂರು ಪಾಲು ಮಾಡಿ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡರು. ಜಡೆ ಹೆಣೆಯಲಿಲ್ಲ.

"ಆಯ್ತಮ್ಮ," ಎಂದರು ಮೇಷ್ಟ್ರು. "ಈಗಲೇ ಹೊರಟೆ."

ಎದ್ದು ಹೊರಗೆ ಬಂದು, ಕಾರಿನ ಬಾಗಿಲು ತೆರೆದು ಒಳಗೆ ಕೂತರು. ಮಗ ದೂರದಿಂದಲೇ, "ಏನಾಯ್ತಪ್ಪ, ಎಲ್ಲಿಗೆ?" ಎಂದು ಕೂಗಿದ. ಅವರು ಬಾಗಿಲು ಎಳೆದುಕೊಂಡರು. ಎಷ್ಟು ಹೊತ್ತು ಹೀಗೆ ಕೂತಿದ್ದು, ಆಮೇಲೆ ಏನು ಹೇಳಿಕೊಂಡು ಒಳಗೆ ಹೋಗಬೇಕು ಎಂಬುದು ಅವರಿಗೆ ತಿಳಿಯಲಿಲ್ಲ.